ಅಟ್ಟದ ಭಾರ

ಹೋದ ವರ್ಷ ಯುಗಾದಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ, ತಿಪಟೂರಿನ ರೈಲು ನಿಲ್ದಾಣದ ಹಿಂದಿರುವ ನಮ್ಮ ದೊಡ್ಡಪ್ಪನ ಕೊಬ್ಬರಿ ಗೋದಾಮಿನ ದೊಡ್ಡ ಬಾಗಿಲು ತೆರೆಯಲಿಲ್ಲ. ಬೀಗ ತೆಗೆದಿತ್ತು, ಚಿಲಕ ಸರಿದಿತ್ತು. ಇಬ್ಬರು ಮೂವರು ಹೆಗಲು ಕೊಟ್ಟು ತಳ್ಳಿದರೂ ಕದಲಲಿಲ್ಲ. ಹಿಂದಿನ ಸಂಜೆ ಅದನ್ನು ಒಂದೇ ಕೈಯಲ್ಲಿ ಎಳೆದು ಹಾಕಿದವನು ನಾನೇ.

ಸುದ್ದಿ ಇಷ್ಟೇ. ಪತ್ರಿಕೆಯಲ್ಲಾಗಿದ್ದರೆ ಒಳಪುಟದ ಮೂಲೆಯೂ ಸಿಗುತ್ತಿರಲಿಲ್ಲ. ಬಾಗಿಲು ತೆರೆಯದ್ದು ಸುದ್ದಿಯಾಗಬೇಕಾದರೆ ಅದು ಬ್ಯಾಂಕಿನದೋ ಜೈಲಿನದೋ ಆಗಿರಬೇಕು ಎಂದು ನಮ್ಮ ಸುದ್ದಿ ಸಂಪಾದಕರು ಹೇಳುತ್ತಿದ್ದರು. ಅವರ ಕೈಕೆಳಗೆ ತುಮಕೂರಿನಲ್ಲಿ ಬಹಳ ವರ್ಷ ವರದಿಗಾರನಾಗಿದ್ದು ಈಗ ಊರಿಗೆ ಬಂದು ಕೂತಿರುವ ನನಗೆ, ಕಂಡದ್ದನ್ನು ಕಂಡಷ್ಟೇ ಹೇಳುವ ರೋಗ ಅಂಟಿಕೊಂಡಿದೆ. ಸಾರಿಗೆ ಉಪ್ಪು ಸಾಕಾ ಎಂದು ಹೆಂಡತಿ ಕೇಳಿದರೆ, "ಕಮ್ಮಿ ಇರುವಂತೆ ಕಂಡುಬರುತ್ತದೆ" ಎಂದು ಹೇಳಿ ಬೈಸಿಕೊಂಡಿದ್ದೇನೆ.

ಈಗ ಅದೆಲ್ಲ ನೆನಪಾದದ್ದು ನನ್ನ ಮೇಜಿನ ಮೇಲಿರುವ ಒಂದು ಒಣಗಿದ ತೆಂಗಿನಕಾಯಿಯಿಂದ. ಸಿಪ್ಪೆ ಸುಲಿದಿದೆ, ಕರಟ ಒಡೆದಿಲ್ಲ. ಕಾಗದ ಹಾರದಿರಲಿ ಎಂದು ಇಟ್ಟುಕೊಂಡದ್ದು. ಬರೆಯುವಾಗ ಪದ ಸಿಗದಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹುಟ್ಟಿದವರಿಗೆ ಇದೊಂದು ಚಟ. ಬೇರೆ ಊರಿನವರು ಅಂಗಡಿಯಲ್ಲಿ ಕಾಯಿ ಅಲ್ಲಾಡಿಸುವುದು ನೀರು ಇದೆಯೇ ಎಂದು ನೋಡಲು. ನಾವು ಅಲ್ಲಾಡಿಸುವುದು ನೀರು ಹೋಯಿತೇ ಎಂದು ಕೇಳಲು. ಮೈಸೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಹೊರಡುವಾಗ, ತಾಂಬೂಲಕ್ಕೆ ಕೊಟ್ಟ ಕಾಯಿಯನ್ನು ನಮ್ಮ ಕಡೆಯವರೆಲ್ಲ ಸಾಲಾಗಿ ನಿಂತು ಕಿವಿಗೆ ಹಿಡಿದು ಅಲ್ಲಾಡಿಸಿದ್ದನ್ನು ಕಂಡು ಬೀಗರು ಗಾಬರಿಯಾಗಿದ್ದರು. ಕೆಟ್ಟ ಕಾಯಿ ಕೊಟ್ಟೆವೇನೋ ಎಂದು ಅವರ ಆತಂಕ. ನಮ್ಮದು ಬರೀ ಅಭ್ಯಾಸ.

ಕೊಬ್ಬರಿ ಆಗುವ ಬಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಸುಮಾರು ಒಂದು ವರ್ಷ ಬಿಟ್ಟುಬಿಡುತ್ತಾರೆ. ಬಿಸಿಲು ತೋರಿಸುವುದಿಲ್ಲ, ಯಂತ್ರ ತಾಗಿಸುವುದಿಲ್ಲ. ಕತ್ತಲಲ್ಲಿ ಕೂತ ಕಾಯಿ ತನ್ನ ನೀರನ್ನು ತಾನೇ ಕುಡಿದು ಮುಗಿಸುತ್ತದೆ. ಆಮೇಲೆ ತಿರುಳು ಕರಟದಿಂದ ತಾನಾಗಿ ಬಿಡಿಸಿಕೊಂಡು ಇಡೀ ಉಂಡೆಯಾಗಿ ಒಳಗೆ ಉರುಳಾಡುತ್ತದೆ. ನಾನು ಚುನಾವಣೆ ಬರೆದಿದ್ದೇನೆ, ಬರ ಬರೆದಿದ್ದೇನೆ, ಮಂತ್ರಿಗಳ ಪ್ರವಾಸ ಬರೆದಿದ್ದೇನೆ. ಇಷ್ಟು ದೊಡ್ಡ ಸಂಗತಿ ಪ್ರತಿ ಮನೆಯ ತಲೆಯ ಮೇಲೆ ನಡೆಯುತ್ತಿದ್ದರೂ ಅದರ ಬಗ್ಗೆ ನಾನು ಬರೆದದ್ದು ಮಾರುಕಟ್ಟೆಯ ಧಾರಣೆ ಮಾತ್ರ.

ಗೋದಾಮು ಕಟ್ಟಿಸಿದ್ದು ನಮ್ಮ ತಾತ. ರೈಲಿನ ಸರಕು ಡಬ್ಬಿಗೆ ಕೊಬ್ಬರಿ ಚೀಲ ಹೇರುವುದು ಹತ್ತಿರವಾಗಲಿ ಎಂದು ನಿಲ್ದಾಣದ ಬೆನ್ನಿಗೆ ಜಾಗ ಹಿಡಿದಿದ್ದರಂತೆ. ಇಟ್ಟಿಗೆ, ಗಾರೆಯ ದಪ್ಪ ಗೋಡೆ, ಚಪ್ಪಡಿ ಹಾಸಿದ ನೆಲ, ಎರಡು ಸಾಲು ಕಂಬ. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ ಹೊನ್ನೆ ಮರದ ತೊಲೆಗಳು. ಅವುಗಳ ಮೇಲೆ ಇಡೀ ಗೋದಾಮಿನಗಲ ಅಟ್ಟ. ಅಟ್ಟಕ್ಕೆ ಹಲಗೆ ಮುಚ್ಚಿಲ್ಲ. ಬೆರಳು ಹೋಗುವಷ್ಟು ಸಂದು ಬಿಟ್ಟು ಬಿದಿರಿನ ದಬ್ಬೆ ಜೋಡಿಸಿದ್ದಾರೆ, ಕಾಯಿಗೆ ಕೆಳಗಿನಿಂದ ಗಾಳಿಯಾಡಲಿ ಎಂದು. ಹೆಂಚಿನ ಮಾಡನ್ನು ಹೊತ್ತ ಕಾಲುಗಳು ಕೂಡ ಅದೇ ತೊಲೆಗಳ ಮೇಲೆ ನಿಂತಿವೆ. ಬಾಗಿಲು ಗಾಡಿ ನುಗ್ಗುವಷ್ಟು ದೊಡ್ಡದು, ಎರಡು ಕದ. ತಿರುಗಲು ಕಬ್ಬಿಣದ ಕೀಲಿಲ್ಲ. ಕದದ ಕೆಳತುದಿಯ ಗೂಟ ಕಲ್ಲಿನ ಕುಳಿಯಲ್ಲಿ, ಮೇಲ್ತುದಿಯ ಗೂಟ ತೊಲೆಯ ಕುಳಿಯಲ್ಲಿ ಕೂತು ತಿರುಗುತ್ತದೆ. ಅಷ್ಟು ದೊಡ್ಡ ಕದವನ್ನು ಮಕ್ಕಳಾದ ನಾವು ತೂಗಿ ಆಡುತ್ತಿದ್ದೆವು.

ಬೇಸಿಗೆ ರಜೆಯ ಮಧ್ಯಾಹ್ನಗಳನ್ನು ನಾನು ಕಳೆದದ್ದು ಆ ಅಟ್ಟದ ಕೆಳಗೆ, ಕೊಬ್ಬರಿ ಚೀಲಗಳ ಮೇಲೆ ಅಂಗಾತ ಮಲಗಿ. ದಬ್ಬೆಯ ಸಂದಿನಿಂದ ಗೆರೆಗೆರೆಯಾಗಿ ಬೆಳಕು ಇಳಿಯುತ್ತಿತ್ತು. ಸಿಪ್ಪೆಯ ಪುಡಿ ಉದುರಿ ಮೂಗಿಗೆ ಹೋಗುತ್ತಿತ್ತು. ಎಣ್ಣೆ, ನಾರು, ಹಳೆ ಗೋಣಿ ಮೂರೂ ಸೇರಿದ ಆ ವಾಸನೆಗೆ ಈಗಲೂ ನನಗೆ ತಕ್ಷಣ ನಿದ್ದೆ ಬರುತ್ತದೆ. ಒಮ್ಮೆ ಮಾರುಕಟ್ಟೆ ಪ್ರಾಂಗಣದಲ್ಲಿ ಅಧಿಕಾರಿಯೊಬ್ಬರ ಪತ್ರಿಕಾಗೋಷ್ಠಿಯಲ್ಲಿ ತೂಕಡಿಸಿದ್ದಕ್ಕೆ ಕಾರಣ ಅವರ ಭಾಷಣವಲ್ಲ, ಹಿಂದೆ ಒಟ್ಟಿದ್ದ ಚೀಲಗಳು. ಅವರು ನಂಬಲಿಲ್ಲ.

ದೊಡ್ಡಪ್ಪ ಮಾತು ಕಮ್ಮಿಯ ಮನುಷ್ಯ. ಹಣೆತುಂಬ ವಿಭೂತಿ, ಹೆಗಲ ಮೇಲೆ ಟವೆಲು. ಗೋದಾಮಿನಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಅಟ್ಟವನ್ನು ಎಂದೂ ಪೂರ್ತಿ ಬರಿದು ಮಾಡಕೂಡದು. ಒಂದು ಅರ್ಧದಿಂದ ಹಳೆ ಕಾಯಿ ಇಳಿಯಿತೆಂದರೆ, ಅಲ್ಲಿಗೆ ಹೊಸ ಕಾಯಿ ಏರುವವರೆಗೆ ಇನ್ನೊಂದು ಅರ್ಧವನ್ನು ಮುಟ್ಟುವಂತಿಲ್ಲ. ಧಾರಣೆ ಏರಿ ಇಡೀ ಊರು ಅಟ್ಟ ಗುಡಿಸಿ ಮಾರುತ್ತಿದ್ದಾಗಲೂ ಅವರು ಅರ್ಧವೇ ಇಳಿಸಿದರು. ಯಾಕೆ ಎಂದು ನಾನು ಕೇಳಿದ್ದೆ.

"ಅಟ್ಟಕ್ಕೆ ಬೇಜಾರಾಗ್ತದೆ ಕಣ್ಲಾ" ಎಂದರು.

ನಾನು ನಂಬಿದೆ. ಕೆಲವು ದಿನ ಗೋದಾಮಿನಿಂದ ಹೊರಡುವಾಗ ಅಟ್ಟಕ್ಕೆ ಕೈ ಬೀಸಿ ಹೋಗುತ್ತಿದ್ದೆ. ಕಾಲೇಜು ಸೇರಿದ ಮೇಲೆ ನಂಬಿಕೆ ಬಿಟ್ಟಿತು. ಪತ್ರಿಕೆಯ ಪುರವಣಿಗೆ ನಮ್ಮ ಸೀಮೆಯ ನಂಬಿಕೆಗಳ ಕುರಿತು ಬರೆಯುವಾಗ, ಬೆಕ್ಕು ಅಡ್ಡ ಹೋಗುವುದಕ್ಕೂ ಹಲ್ಲಿ ಲೊಚಗುಟ್ಟುವುದಕ್ಕೂ ನಡುವೆ ಈ ಅಟ್ಟದ ಬೇಜಾರನ್ನೂ ಒಂದು ಸಾಲಿನಲ್ಲಿ ಸೇರಿಸಿದೆ.

ದೊಡ್ಡಪ್ಪ ಹೋದ ಮೇಲೆ ಗೋದಾಮು ಅವರ ಇಬ್ಬರು ಮಕ್ಕಳಿಗೆ ಬಂತು. ದೊಡ್ಡವಳು ಗಿರಿಜಕ್ಕ, ತಿಪಟೂರಿನಲ್ಲೇ ಮನೆ. ಚಿಕ್ಕವನು ಶಿವಣ್ಣ, ನನ್ನ ವಾರಿಗೆಯವನು, ಹಾಲ್ಕುರಿಕೆಯ ಹತ್ತಿರ ತೋಟ. ವ್ಯಾಪಾರವೆಲ್ಲ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿ ಕೆಳಗಿನ ಹಜಾರ ಖಾಲಿ ಬಿದ್ದಿತ್ತು. ಅಟ್ಟದ ಮೇಲೆ ಮಾತ್ರ ಗಿರಿಜಕ್ಕ ತನ್ನ ತೋಟದ ಕಾಯಿ ಹಾಕುತ್ತ, ಅಪ್ಪನ ಹಾಗೆಯೇ ಅರ್ಧರ್ಧ ಇಳಿಸುತ್ತ ಬಂದಿದ್ದಳು. ಗೋದಾಮಿನ ಮುಂದಿನ ಮಾತು ಎದ್ದದ್ದು ಅವಳ ಮಗಳು ನಂದಿನಿಯಿಂದ. ಆಸ್ಪತ್ರೆಗಳ ಪರವಾಗಿ ಫೋನು ಎತ್ತುವ ಕೆಲಸ ಅವಳದು. ರೋಗಿಯ ಕಡೆಯವರು ಎಲ್ಲಿಂದಲೋ ಕರೆ ಮಾಡುತ್ತಾರೆ. ಯಾವ ಡಾಕ್ಟರು, ಯಾವ ಹೊತ್ತು, ಬರುವಾಗ ಏನು ತರಬೇಕು ಎಂದು ಇವಳು ಹೇಳುತ್ತಾಳೆ. ತುಮಕೂರಿನಲ್ಲಿ ಅದನ್ನು ಕಲಿತು, ಈಗ ತಿಪಟೂರಿನಲ್ಲೇ ಅಂಥ ಕಚೇರಿ ತೆರೆಯಲು ಹೊರಟಿದ್ದಳು. ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಾಗಿತ್ತು. ಬೇಕಾಗಿದ್ದದ್ದು ಜಾಗ.

ಗಿರಿಜಕ್ಕನ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ನಡೆದ ಮಾತಿಗೆ ನಾನೂ ಇದ್ದೆ.

"ಅದನ್ನ ಬೀಳ್ಸಿ ಮಳಿಗೆ ಕಟ್ಟಣ ಕಣಕ್ಕ" ಎಂದ ಶಿವಣ್ಣ. "ರೋಡಿಗೆ ಸಾಲಾಗಿ ಷಟರ್ ಹಾಕಿದ್ರೆ ಇಬ್ರಿಗೂ ಆಯ್ತದೆ. ಹಳೇ ಕಟ್ಟಡ, ಎಷ್ಟು ದಿನ ಅಂತ ನಿಂತದು?"

"ಅಲ್ಲಿ ನಾನು ಆಫೀಸು ಮಾಡ್ತೀನಿ ಮಾವ" ಎಂದಳು ನಂದಿನಿ.

"ಆಫೀಸು ಅಂದ್ರೆ ಗಾಜಿರ್ಬೇಕು, ಏಸಿ ಇರ್ಬೇಕು. ಅಲ್ಲಿರೋದು ಇಲಿ ಕಣಮ್ಮ."

"ಇಲಿಗೂ ಫೋನ್ ಎತ್ತೋದು ಕಲಿಸ್ತೀನಿ ಬುಡಿ."

ಶಿವಣ್ಣ ನಕ್ಕ. ಅವನೇನೂ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ಹಳೆ ಕಟ್ಟಡ ಹಳೆ ತೆಂಗಿನ ಮರದ ಹಾಗೆ. ಕಾಯಿ ಬಿಡದಿದ್ದರೆ ಕಡಿದು ಸಸಿ ನೆಡಬೇಕು. ಕೊನೆಗೆ ಗಿರಿಜಕ್ಕ ತೀರ್ಮಾನ ಹೇಳಿದಳು. ಹಾಸನದಿಂದ ರೇಣುಕಾ ಎಂಬ ವಾಸ್ತುಶಿಲ್ಪಿ ಬರುತ್ತಾರೆ, ಹಳೆ ಕಟ್ಟಡ ಸರಿ ಮಾಡುವುದೇ ಅವರ ಕೆಲಸ. ಗಟ್ಟಿ ಇದೆ ಎಂದು ಅವರು ಬರೆದುಕೊಟ್ಟರೆ ನಂದಿನಿಯ ಆಫೀಸು, ಇಲ್ಲವೆಂದರೆ ಶಿವಣ್ಣನ ಮಳಿಗೆ. "ಚಂದ್ರ ಸಾಕ್ಷಿ" ಎಂದು ನನ್ನ ಕಡೆ ಕೈ ತೋರಿಸಿದಳು. ಎರಡೂ ಕಡೆಯವರ ಹೇಳಿಕೆ ಪಡೆದವನ ಗಾಂಭೀರ್ಯದಲ್ಲಿ ನಾನು ತಲೆಯಾಡಿಸಿದೆ.

ರೇಣುಕಾ ಬಂದು ಒಂದು ದಿನವಿಡೀ ಗೋಡೆ ತಟ್ಟಿದರು, ಮರ ಚುಚ್ಚಿದರು, ಮಾಡು ಹತ್ತಿದರು. ಗೋಡೆಗೊಂದು ಕಂಬಕ್ಕೊಂದು ಮೊಳೆ ಹೊಡೆದು ತೊಲೆಯ ಕೆಳಗೆ ಬಿಗಿಯಾಗಿ ದಾರ ಕಟ್ಟಿದರು. ನಡುವೆ ಬಗ್ಗಿದ ತೊಲೆಯ ಹೊಟ್ಟೆ ದಾರಕ್ಕೆ ತಾಗಿತು. "ಇಷ್ಟು ಬಗ್ಗಿದೆ, ಆದ್ರೆ ಮರ ಚೆನ್ನಾಗಿದೆ" ಎಂದು ಹೇಳಿ, ದಾರವನ್ನು ಹಾಗೇ ಬಿಡಿ ಎಂದು ಹೋದರು. ನಂದಿನಿಗೆ ಅಷ್ಟೇ ಸಾಕಾಯಿತು.

ಯುಗಾದಿ ಕಳೆದ ಭಾನುವಾರ ಗಿರಿಜಕ್ಕ ಅಟ್ಟ ಖಾಲಿ ಮಾಡಿಸಿದಳು. ಅರ್ಧವಲ್ಲ, ಪೂರ್ತಿ. ಆಫೀಸಿನ ಕೆಲಸ ಶುರುವಾಗುವ ಮುಂಚೆ ಎಲ್ಲ ಸ್ವಚ್ಛವಾಗಲಿ ಎಂದು. ಕಾಯಿ ಕೊಂಡವರು ಲಾರಿ ತಂದಿದ್ದರು. ಮೇಲಿನಿಂದ ಕೆಳಕ್ಕೆ ಕೈಯಿಂದ ಕೈಗೆ ಹಾರುತ್ತ ಇಡೀ ಅಟ್ಟದ ಕಾಯಿ ಸಂಜೆಯೊಳಗೆ ಹೊರಟುಹೋಯಿತು. ದಬ್ಬೆ ಗುಡಿಸಿದರು, ನೆಲ ತೊಳೆದರು.

"ಅಟ್ಟಕ್ಕೆ ಬೇಜಾರಾಗಲ್ವೇನಕ್ಕ?" ಎಂದೆ ನಾನು, ತಮಾಷೆಗೆ.

"ಅಪ್ಪನ ಮಾತು ಅಪ್ಪನ ಕಾಲಕ್ಕೆ. ಬೇಜಾರಾದ್ರೆ ನಂದಿನಿ ಫ್ಯಾನ್ ಹಾಕ್ತಾಳೆ ಬುಡು" ಎಂದಳು ಗಿರಿಜಕ್ಕ.

ಖಾಲಿ ಹಜಾರದ ನಡುವೆ ನಿಂತು ನಂದಿನಿ ಆಚೆ ಇದ್ದ ನನಗೆ ಫೋನು ಮಾಡಿದಳು, ದನಿ ಹೇಗೆ ಕೇಳುತ್ತದೆ ನೋಡಲು. "ನಮಸ್ಕಾರ, ಆಸ್ಪತ್ರೆಯಿಂದ ಮಾತನಾಡುತ್ತಿದ್ದೇನೆ" ಎಂದಳು. ಅದರ ಹಿಂದೆಯೇ ಇನ್ನೊಂದು ಆಸ್ಪತ್ರೆ, ಅದರ ಹಿಂದೆ ಮತ್ತೊಂದು. ಶಿವಣ್ಣ ಫೋನು ಕಿತ್ತುಕೊಂಡ. "ಯಾರಮ್ಮ ತಾಯಿ, ಬಾವಿಗೆ ಬಿದ್ದಿದೀಯಾ? ಹಗ್ಗ ತರ್ಲಾ?" ಎಂದ. ಒಳಗೆ ನಂದಿನಿ ಫೋನು ಇಟ್ಟುಬಿಟ್ಟಳು. ಫೋನಿನಲ್ಲಿ ಮಾತಾಡುವ ಕಚೇರಿಗೆ ಮಾತು ಮೂರು ಸಲ ಕೇಳುವ ಜಾಗ ಹೇಗಾದೀತು ಎಂಬುದು ಅವಳಿಗೂ ಹೊಳೆದಿರಬೇಕು. ಬಾಗಿಲು ಹಾಕುವಾಗ ಮೇಲೆಲ್ಲೋ ಲಟ್ ಎಂದು ಒಂದು ಶಬ್ದವಾಯಿತು. ಹಳೆ ಮರ, ಬೇಸಿಗೆ ಎಂದುಕೊಂಡು ಬೀಗ ಹಾಕಿದೆ.

ಮರುದಿನ ಬೆಳಿಗ್ಗೆಯದನ್ನು ಮೊದಲೇ ಹೇಳಿದ್ದೇನೆ.

ಹಿಂದಿನ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ನಿನ್ನೆ ತೊಳೆದ ನೆಲದ ಮೇಲೆ ಗಾರೆಯ ಪುಡಿ ಬಿದ್ದಿತ್ತು. ತೊಲೆ ಕೂತ ಕಡೆಯಲ್ಲೆಲ್ಲ ಗೋಡೆಯಲ್ಲಿ ಹೊಸ ಬಿರುಕು. ಮಾಡಿನಲ್ಲಿ ಹೆಂಚು ಜಾರಿ, ಎಂದೂ ಇಲ್ಲದ ಕಡೆ ನೆಲದ ಮೇಲೆ ಬಿಸಿಲಿನ ಬಿಲ್ಲೆಗಳು. ಶಿವಣ್ಣ ಗೆದ್ದವನ ಹಾಗೆ ಮಾತಾಡಲಿಲ್ಲ. ಮೆಲ್ಲಗೆ, "ನೋಡಕ್ಕ, ಅದೇ ಹೇಳ್ತಾ ಐತೆ" ಎಂದ. ನಂದಿನಿ ಹಳೆಯ ತೂಕದ ಕಲ್ಲಿನ ಮೇಲೆ ಕೂತಳು. "ಹುಡುಗೀರಿಗೆ ಏನು ಹೇಳ್ಲಿ ಮಾವ?" ಎಂದು ನನ್ನನ್ನು ಕೇಳಿದಳು. ನಾನು ರೇಣುಕಾ ಅವರಿಗೆ ಫೋನು ಮಾಡಿದೆ. ದೊಡ್ಡಪ್ಪನ ಗೋದಾಮು ನಮ್ಮ ಕಣ್ಣೆದುರೇ ಹೋಗುತ್ತಿದೆ ಎಂದು ಎಲ್ಲರಿಗೂ ಅನಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ರೇಣುಕಾ ಬಂದರು. ಬಿರುಕು ನೋಡಿದರು, ಬಾಗಿಲು ನೋಡಿದರು. ಆಮೇಲೆ ತಾವು ಕಟ್ಟಿದ್ದ ದಾರದ ಕೆಳಗೆ ಬಂದು ನಿಂತು ಬಹಳ ಹೊತ್ತು ತಲೆಯೆತ್ತಿ ನೋಡಿದರು.

"ತೊಲೆ ಇಳಿದಿಲ್ಲ" ಎಂದರು. "ಮೇಲಕ್ಕೆ ಹೋಗಿದೆ."

ಯಾರಿಗೂ ಅರ್ಥವಾಗಲಿಲ್ಲ. "ಮರ ಬೆಳೀತಾ ಮೇಡಂ?" ಎಂದ ಶಿವಣ್ಣ. ಅವನು ತಮಾಷೆ ಮಾಡುತ್ತಿರಲಿಲ್ಲ. ನಾನು ಏಣಿ ಹತ್ತಿ ಕೈಯಿಟ್ಟು ನೋಡಿದೆ. ಹಿಂದೆ ತೊಲೆ ತಾಗಿದ್ದ ಜಾಗದಲ್ಲಿ, ದಾರಕ್ಕೂ ತೊಲೆಗೂ ನಡುವೆ ನನ್ನ ಕಿರುಬೆರಳು ಸರಾಗವಾಗಿ ಹೋಯಿತು.

"ನಿನ್ನೆ ಏನು ಮಾಡಿದ್ರಿ?" ಎಂದು ರೇಣುಕಾ ಕೇಳಿದರು.

"ಅಟ್ಟ ಖಾಲಿ ಮಾಡಿದ್ವಿ ಕಣಮ್ಮ" ಎಂದಳು ಗಿರಿಜಕ್ಕ.

"ಪೂರ್ತಿನಾ?"

"ಪೂರ್ತಿ."

"ಇದಕ್ಕೆ ಮುಂಚೆ ಯಾವಾಗ ಪೂರ್ತಿ ಖಾಲಿಯಾಗಿತ್ತು?"

ಗಿರಿಜಕ್ಕ ಶಿವಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮ ಮೂವರ ನೆನಪನ್ನು ಕೂಡಿಸಿದರೂ ಅಂಥ ದಿನ ಒಂದೂ ಸಿಗಲಿಲ್ಲ. "ಆಗಿರ್ಲೇ ಇಲ್ಲ" ಎಂದಳು ಕೊನೆಗೆ. "ಅಪ್ಪ ಬಿಡ್ತಿರ್ಲಿಲ್ಲ. ಅಟ್ಟಕ್ಕೆ ಬೇಜಾರಾಗ್ತದೆ ಅಂತಿದ್ರು."

ರೇಣುಕಾ ನಗಲಿಲ್ಲ. ಚಪ್ಪಡಿಯ ಮೇಲೆ ಕೂತು ನಿಧಾನವಾಗಿ ವಿವರಿಸಿದರು. ಕಟ್ಟಿದಾಗಿನಿಂದ ಭಾರ ಹೊತ್ತು ಈ ತೊಲೆಗಳು ಬಗ್ಗಿವೆ. ಗೋಡೆ, ಮಾಡು, ಬಾಗಿಲು ಎಲ್ಲ ವರ್ಷಗಳ ಮೇಲೆ ಆ ಬಾಗಿಗೇ ಹೊಂದಿಕೊಂಡಿವೆ. ಒಂದೇ ದಿನದಲ್ಲಿ ಭಾರವೆಲ್ಲ ಹೋದಾಗ ತೊಲೆಗಳು ನೆಟ್ಟಗಾಗಲು ಹೊರಟವು. ಅವುಗಳ ಮೇಲೆ ನಿಂತಿದ್ದ ಮಾಡು ಎದ್ದಿತು, ಕಚ್ಚಿಕೊಂಡಿದ್ದ ಗೋಡೆ ಬಿರಿಯಿತು, ಬಾಗಿಲ ಮೇಲಿನ ತೊಲೆ ಎದ್ದು ಕದದ ಗೂಟ ಕುಳಿಯಿಂದ ಆಚೆ ಬಂತು. ಕದ ವಾಲಿ ಹೊಸಿಲಿಗೆ ಕಚ್ಚಿಕೊಂಡಿತು.

ನಾವು ಐದು ಜನ ತಲೆಯೆತ್ತಿ ನಿಂತೆವು. ನಾನು ಮಲಗಿ ನೋಡುತ್ತಿದ್ದ ಅದೇ ತೊಲೆಗಳು. ಮೂರು ತಲೆಮಾರು ಮಾತಿಲ್ಲದೆ ಹೊತ್ತು, ಭಾರ ತೆಗೆದ ಒಂದೇ ಸಂಜೆಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಹೊರಟಿದ್ದವು. ಕಡಿದು ಹಾಕಿ ಎಷ್ಟೋ ಕಾಲವಾದ ಮರಕ್ಕೆ ತಾನು ನೆಟ್ಟಗೆ ನಿಂತದ್ದು ಇನ್ನೂ ನೆನಪಿತ್ತು. ನನಗೆ ಮೈ ಜುಮ್ಮೆಂದಿತು ಎಂದು ಬರೆಯಲು ಸಂಕೋಚವಾಗುತ್ತದೆ. ಆದರೆ ಆದದ್ದು ಅದೇ.

"ಮೊದಲು ಭಾರ ವಾಪಸ್ ಏರಬೇಕು" ಎಂದರು ರೇಣುಕಾ. "ಬೇಗ. ಮರಳು ಚೀಲ ಆದ್ರೂ ಪರವಾಗಿಲ್ಲ."

"ಮರಳಾ? ನಮ್ಮಪ್ಪನ ಅಟ್ಟಕ್ಕಾ?" ಎಂದಳು ಗಿರಿಜಕ್ಕ. ಆದರೆ ಅವಳ ಕಾಯಿ ಲಾರಿ ಹತ್ತಿಹೋಗಿತ್ತು. ತೋಟದಲ್ಲಿ ಮುಂದಿನ ಕುಯ್ಲಿಗೆ ಇನ್ನೂ ಸಮಯವಿತ್ತು. ಕಿತ್ತು ರಾಶಿ ಹಾಕಿದ ಕಾಯಿ ಇದ್ದದ್ದು ಒಬ್ಬನ ಹತ್ತಿರ. ಅವನು ಸುಮ್ಮನೆ ಮನೆಗೆ ಹೋದರೆ ಸಾಕಿತ್ತು, ಮಳಿಗೆ ಅವನದಾಗುತ್ತಿತ್ತು. ಆ ಕಾರಣಕ್ಕೇ ಯಾರೂ ಅವನನ್ನು ಕೇಳಲಿಲ್ಲ. ಗಿರಿಜಕ್ಕ ಗೋಡೆ ನೋಡಿದಳು, ನಂದಿನಿ ಕಾಲು ನೋಡಿಕೊಂಡಳು, ನಾನು ಕನ್ನಡಕ ಒರೆಸಿದೆ.

ಶಿವಣ್ಣ ಇನ್ನೂ ದಾರದ ಕೆಳಗೇ ನಿಂತಿದ್ದ.

"ಮೇಡಂ, ಕಾಯಿ ಹಾಕಿದ್ರೆ ಅದು ಮತ್ತೆ ಇಳೀತದಾ?"

"ಇಳೀಬೇಕು. ಇಳೀದಿದ್ರೆ ನಾನು ಸಹಿ ಹಾಕಲ್ಲ, ನೀವು ಹೇಳಿದ್ದೇ ಆಗಲಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನೋಡೇಬುಡಣ" ಎಂದು ಟ್ರ್ಯಾಕ್ಟರಿಗೆ ಫೋನು ಮಾಡಲು ಹೊರಗೆ ನಡೆದ.

"ಬೀಳ್ಸಬೇಕು ಅಂದೋನು ಕಾಯಿ ತರಕ್ಕೆ ಹೊಂಟ" ಎಂದಳು ಗಿರಿಜಕ್ಕ, ಅವನಿಗೆ ಕೇಳುವಂತೆಯೇ.

"ಬೀಳ್ಸೋದಾದ್ರೂ ನೆಟ್ಟಗೆ ನಿಲ್ಸಿ ಬೀಳ್ಸಣ ಕಣಕ್ಕ. ವಾಲಿರೋದನ್ನ ಕೆಡವಿದ್ರೆ ಏನು ಮರ್ಯಾದೆ?"

ಹಾಲ್ಕುರಿಕೆಯಿಂದ ಟ್ರ್ಯಾಕ್ಟರುಗಳು ಬಂದವು. ದೊಡ್ಡ ಬಾಗಿಲು ತೆರೆಯದ ಕಾರಣ ಕಾಯಿ ಹಿಂದಿನ ಸಣ್ಣ ಬಾಗಿಲಲ್ಲಿ, ಕೈಯಿಂದ ಕೈಗೆ ಸಾಗಿ ಏರಬೇಕಾಯಿತು. ಸಾಲಿನಲ್ಲಿ ನಾನೂ ನಿಂತೆ. ಸ್ವಲ್ಪ ಹೊತ್ತಿಗೇ ನನ್ನನ್ನು ನೀರು ಕೊಡುವ ಕೆಲಸಕ್ಕೆ ಹಾಕಿದರು. ಎರಡೂ ಕಡೆ ಸಮನಾಗಿ, ನಿಧಾನವಾಗಿ ಹಾಕಿ ಎಂದು ರೇಣುಕಾ ಹೇಳುತ್ತಿದ್ದರು. ಶಿವಣ್ಣ ಚಪ್ಪಡಿಯ ಮೇಲೆ ಗೋಣಿ ಹಾಸಿಕೊಂಡು ದಾರದ ನೇರಕ್ಕೆ ಅಂಗಾತ ಮಲಗಿಬಿಟ್ಟ. ಮೇಲೆ ಅವನದೇ ಕಾಯಿ ಧಡಧಡ ಬೀಳುತ್ತಿತ್ತು. ಸಿಪ್ಪೆಯ ಪುಡಿ ಅವನ ಮುಖದ ಮೇಲೆ ಉದುರುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕಿರುಬೆರಳಿನ ಸಂದು ಪೆನ್ಸಿಲ್ಲಿನಷ್ಟಾಯಿತು. ಆಮೇಲೆ ಬೆಂಕಿಕಡ್ಡಿಯಷ್ಟು. ಎರಡನೇ ದಿನ ಸಂಜೆಗೆ ಒಂದು ಹಾಳೆ ತೂರಿಸಿದರೆ ಸಿಕ್ಕಿಹಾಕಿಕೊಳ್ಳುವಷ್ಟು.

"ತಾಗ್ತು" ಎಂದ ಶಿವಣ್ಣ, ಮಲಗಿದಲ್ಲಿಂದಲೇ, ಮಗು ಮಲಗಿದ ಮನೆಯಲ್ಲಿ ಮಾತಾಡುವ ಹಾಗೆ.

ಗಿರಿಜಕ್ಕ ಹತ್ತಿರದ ಕಂಬದ ಮೇಲೆ ಅಂಗೈ ಇಟ್ಟು ನಿಂತಳು. ಬಡಗಿಗಳು ಹಾರೆ ಕೊಟ್ಟು ಕದವನ್ನೆತ್ತಿ ಗೂಟವನ್ನು ತೊಲೆಯ ಕುಳಿಯ ಕೆಳಗೆ ತಂದರು. ಅದು ತನ್ನ ಮನೆ ಗೊತ್ತಿರುವ ದನದ ಹಾಗೆ ಒಳಗೆ ಹೋಯಿತು. ನಂದಿನಿ ತಳ್ಳಿದಳು. ಕದ ತಿರುಗಿತು, ಹಳೆಯ ಅದೇ ಗೊರಗೊರ ಸದ್ದಿನೊಂದಿಗೆ.

ರೇಣುಕಾ ಮಾತ್ರ ಅಷ್ಟಕ್ಕೇ ಸಹಿ ಹಾಕುವವರಲ್ಲ. ಪ್ರತಿ ಬಿರುಕಿನ ಮೇಲೂ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿದರು. ಬಿರುಕು ಇನ್ನೂ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಮಳೆಗಾಲ ಕಳೆಯುವವರೆಗೆ ನೋಡೋಣ ಎಂದರು. ಮೊದಲ ವಾರದಲ್ಲೇ ಒಂದು ಒಡೆಯಿತು. ಆ ದಿನ ಗಿರಿಜಕ್ಕನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಲ್ಲಿ ಹೊಸ ಪಟ್ಟಿ ಅಂಟಿಸಿ, ತೊಲೆಯ ತುದಿಗೆ ಕಬ್ಬಿಣದ ಪಟ್ಟಿ ಹೊಡೆಸಿದರು. ಆಮೇಲೆ ಕಾಯುವುದೊಂದೇ ಕೆಲಸ. ಶಿವಣ್ಣ ಬಸ್ಸಿಗೆ ಬಂದೆ, ಗೊಬ್ಬರಕ್ಕೆ ಬಂದೆ ಎಂದು ನೆವ ಹೇಳಿಕೊಂಡು ಬಂದು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ನೋಡಿ ಹೋಗುತ್ತಿದ್ದ.

"ಒಡೀಲಿ ಅಂತ ನೋಡ್ತೀಯೋ, ಒಡೀದಿರ್ಲಿ ಅಂತ ನೋಡ್ತೀಯೋ?" ಎಂದು ಒಮ್ಮೆ ಕೇಳಿದೆ.

"ನೀನು ಪೇಪರ್‌ನೋನು, ಎರಡು ಕಡೆನೂ ಬರ್ಕೋ ಕಣ್ಲಾ" ಎಂದ.

ಮಳೆ ಬಂತು, ಹೋಯಿತು. ಇನ್ನೊಂದು ಗಾಜೂ ಒಡೆಯಲಿಲ್ಲ. ದಸರಾ ಮುಗಿದ ಮೇಲೆ ರೇಣುಕಾ ಬರೆದುಕೊಟ್ಟರು: ಕಟ್ಟಡ ಗಟ್ಟಿ ಇದೆ, ಆದರೆ ಅಟ್ಟದ ಮೇಲಿನ ಭಾರವನ್ನು ಒಮ್ಮೆಗೇ ಪೂರ್ತಿ ತೆಗೆಯಕೂಡದು, ಅರ್ಧರ್ಧವಾಗಿ ಇಳಿಸಿ ತುಂಬಬೇಕು. ನಾನು ಅದನ್ನು ಎರಡು ಸಲ ಓದಿದೆ. ದೊಡ್ಡಪ್ಪನ ಮಾತಿನಲ್ಲಿ ಇಲ್ಲದ್ದೇನೂ ಅದರಲ್ಲಿ ಇರಲಿಲ್ಲ, ಸಹಿ ಒಂದನ್ನು ಬಿಟ್ಟು.

ಹಾಗಾಗಿ ನಂದಿನಿಯ ಕಚೇರಿ ಈಗ ಕೊಬ್ಬರಿಯ ಕೆಳಗೇ ಇದೆ. ಪುಡಿ ಉದುರದಿರಲೆಂದು ದಬ್ಬೆಯ ಕೆಳಗೆ ಗೋಣಿಬಟ್ಟೆ ಬಿಗಿದಿದ್ದಾರೆ. ಗೋಡೆಯ ಮೇಲ್ಭಾಗದ ಗಾಳಿಕಿಂಡಿಗಳಿಗೆ ಗಾಜು ಹಾಕಿದ್ದರಿಂದ ಬೆಳಕು ಬರುತ್ತದೆ. ತಕ್ಕಡಿ ನೇತುಹಾಕುತ್ತಿದ್ದ ಕೊಕ್ಕೆಯಿಂದ ದೀಪ ಇಳಿಬಿಟ್ಟಿದ್ದಾರೆ. ಕಂಬಗಳ ನಡುವೆ ಮೇಜು, ಕಂಪ್ಯೂಟರು, ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹೆಣ್ಣುಮಕ್ಕಳು. ಒಂದು ಮೂಲೆಯಲ್ಲಿ ಅಟ್ಟದ ಏಣಿ, ಇದ್ದ ಹಾಗೇ.

ಇನ್ನೊಂದು ಸಂಗತಿ ಹೇಳುವುದನ್ನು ಮರೆತೆ. ಅಟ್ಟ ತುಂಬಿದ ಮರುದಿನವೇ ನಂದಿನಿ ಮತ್ತೆ ಹಜಾರದ ನಡುವೆ ನಿಂತು ಫೋನು ಮಾಡಿದ್ದಳು. ಈ ಸಲ ಶಿವಣ್ಣನಿಗೇ. ಅವನು ರಸ್ತೆಯಲ್ಲಿ ನಿಂತು ಕೇಳಿದ. ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಿಡಿದ. "ಪಕ್ಕದಾಗೆ ಕೂತು ಮಾತಾಡ್ದಂಗೈತಲ್ಲಮ್ಮ" ಎಂದ. ತಲೆಯ ಮೇಲೆ ಒಟ್ಟಿದ್ದ ಕಾಯಿಯ ನಾರೆಲ್ಲ ಪ್ರತಿಧ್ವನಿಯನ್ನು ಹೀರಿಕೊಂಡಿತ್ತು. ಧ್ವನಿಮುದ್ರಣದ ಕೋಣೆಗಳಲ್ಲಿ ಇದಕ್ಕೆಂದೇ ಗೋಡೆಗೆ ಸ್ಪಂಜು ಅಂಟಿಸುತ್ತಾರೆ ಎಂದು ರೇಣುಕಾ ಹೇಳಿದರು. ಚಿಕ್ಕಂದಿನಲ್ಲಿ ನನಗೆ ಅಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಬರುತ್ತಿದ್ದದ್ದು ವಾಸನೆಗೆ ಎಂದುಕೊಂಡಿದ್ದೆ. ಕಾರಣ ಪೂರ್ತಿ ಅದೇ ಆಗಿರಲಿಕ್ಕಿಲ್ಲ.

ಆಗಾಗ ಮಧ್ಯಾಹ್ನ ಹೋಗಿ ಆ ಹಜಾರದ ಮೂಲೆಯಲ್ಲಿ ಕೂರುತ್ತೇನೆ. ಯಾರೋ ಮುದುಕಿಗೆ ಯಾವ ಮಾತ್ರೆ ತಿಂದು ಬರಬಾರದೆಂದು ಒಬ್ಬಳು ಹೇಳುತ್ತಿರುತ್ತಾಳೆ. ಇನ್ನೊಬ್ಬಳು "ಗಾಬರಿ ಆಗ್ಬೇಡಿ, ನಾಳೆನೇ ಬನ್ನಿ" ಎನ್ನುತ್ತಿರುತ್ತಾಳೆ. ತರಬೇತಿಯಲ್ಲಿ ಕಲಿಸಿದ ಗ್ರಾಂಥಿಕ ಭಾಷೆ ಊಟದ ಹೊತ್ತಿನವರೆಗೆ ಮಾತ್ರ ನಿಲ್ಲುತ್ತದೆ, ಆಮೇಲೆ "ಬತ್ತೀರಾ?" ಶುರುವಾಗುತ್ತದೆ. ಅದರಿಂದ ಕರೆ ಮಾಡಿದವರಿಗೆ ಧೈರ್ಯ ಬರುವುದೇ ಹೆಚ್ಚು ಎಂದು ನಂದಿನಿ ತಿದ್ದುವುದನ್ನು ಬಿಟ್ಟಿದ್ದಾಳೆ. ಎಲ್ಲಿಂದ ಮಾತಾಡ್ತಿದೀಯಮ್ಮ ಎಂದು ಕೇಳಿ, ತಿಪಟೂರು ಎಂದೊಡನೆ ಕೊಬ್ಬರಿ ಧಾರಣೆ ವಿಚಾರಿಸುವವರಿದ್ದಾರೆ. ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎನ್ನಬೇಕೆಂಬುದು ನಿಯಮ. ಒಬ್ಬಾಕೆ ಮಾತ್ರ ಡಾಕ್ಟರ ಸಮಯ ಗೊತ್ತು ಮಾಡಿಕೊಟ್ಟು, ಆಮೇಲೆ ದನಿ ತಗ್ಗಿಸಿ ಧಾರಣೆಯನ್ನೂ ಹೇಳುತ್ತಾಳೆಂದು ತಿಳಿದುಬಂದಿದೆ.

ಇವರ ಮಾತಿನ ಮೇಲೆ ಗೋಣಿಬಟ್ಟೆ, ಅದರ ಮೇಲೆ ದಬ್ಬೆ, ಅದರ ಮೇಲೆ ಕತ್ತಲು. ಕತ್ತಲಲ್ಲಿ ಕಾಯಿಗಳು ತಮ್ಮ ನೀರನ್ನು ಕುಡಿಯುತ್ತಿರುತ್ತವೆ. ಕೆಳಗಿನವರಿಗೆ ಅದು ಕೇಳುವುದಿಲ್ಲ. ನನಗೂ ಕೇಳುವುದಿಲ್ಲ, ಆದರೂ ಕಿವಿಗೊಟ್ಟು ಕೂರುತ್ತೇನೆ.

ದೊಡ್ಡಪ್ಪನಿಗೆ ಇದೆಲ್ಲ ಗೊತ್ತಿತ್ತೇ ಎಂದು ಗಿರಿಜಕ್ಕನನ್ನು ಕೇಳಿದ್ದೇನೆ. ಒಮ್ಮೆ ಗೊತ್ತಿತ್ತು ಎನ್ನುತ್ತಾಳೆ, ಒಮ್ಮೆ ತಾತ ಹೇಳಿದ್ದನ್ನು ಅಪ್ಪ ಹೇಳಿದರು ಅಷ್ಟೇ ಎನ್ನುತ್ತಾಳೆ. ಖಚಿತಪಡಿಸಬಲ್ಲವರು ಯಾರೂ ಉಳಿದಿಲ್ಲ. ಪುರವಣಿಯಲ್ಲಿ ನಾನು ಬರೆದ ಸಾಲಿಗೆ ತಿದ್ದುಪಡಿ ಹಾಕುವ ಕಾಲವೂ ಮೀರಿದೆ. ಹೊರಡುವಾಗ ಯಾರೂ ನೋಡದ ಹೊತ್ತಲ್ಲಿ ಅಟ್ಟದ ಕಡೆ ಸ್ವಲ್ಪ ಕೈ ಎತ್ತುತ್ತೇನೆ. ಆ ಹೆಣ್ಣುಮಕ್ಕಳು ಅದನ್ನು ತಮಗೇ ಎಂದುಕೊಂಡು ಕೈ ಬೀಸುತ್ತಾರೆ.

ಈ ವರ್ಷ ಯುಗಾದಿ ಕಳೆದ ಮೊದಲ ಸೋಮವಾರ ಅಟ್ಟದ ಪೂರ್ವದ ಅರ್ಧದಿಂದ ಶಿವಣ್ಣನ ಕಾಯಿಯನ್ನು ಇಳಿಸಲಾಯಿತು. ಪಶ್ಚಿಮದ ಅರ್ಧವನ್ನು ಮುಟ್ಟಲಿಲ್ಲ. ಏಣಿಯ ಮೇಲಿಂದ ಶಿವಣ್ಣ ಒಂದು ಕಾಯಿಯನ್ನು ಅಲ್ಲಾಡಿಸಿ ನೋಡಿ ನನ್ನ ಕಡೆ ಎಸೆದ. ಸಿಪ್ಪೆ ಸುಲಿದು ಈಗ ನನ್ನ ಮೇಜಿನ ಮೇಲಿರುವುದು ಅದೇ. ಮಧ್ಯಾಹ್ನದ ಊಟಕ್ಕೆ ಮುಂಚೆ ತೆರವಾದ ಜಾಗಕ್ಕೆ ಗಿರಿಜಕ್ಕನ ತೋಟದ ಹೊಸ ಕಾಯಿ ಏರಿತು. ಕೆಳಗೆ ಫೋನುಗಳು ನಿಲ್ಲಲಿಲ್ಲ. ಸಂಜೆ ದೊಡ್ಡ ಬಾಗಿಲು ಹಾಕಿದವನು ಶಿವಣ್ಣ, ಒಂದೇ ಕೈಯಲ್ಲಿ.